ರೊಟ್ಟಿ ಸಿನಿಮಾದ ಕೊನೆಯ ರೀಲು

ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಹುಳಿ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ವಿನೆಗರ್ ವಾಸನೆ. ನಮ್ಮ ವಯನಾಡಿನಲ್ಲಿ ಅದಕ್ಕೆ ಸುರ್ಕ ಎನ್ನುತ್ತಾರೆ, ಉಪ್ಪಿನಕಾಯಿಗೆ ಹಾಕುತ್ತಾರಲ್ಲ, ಅದು. ಹಳೆಯ ಫಿಲ್ಮು ಕೆಡುವುದಕ್ಕೆ ಶುರುವಾದರೆ ಹೀಗೇ ನಾರುತ್ತದೆ ಎಂದು, ಅದನ್ನು ತೋರಿಸಲು ನನ್ನನ್ನು ಕರೆಸಿದ್ದ ಹಳೆಯ ಪರಿಚಯದ ಗುಮಾಸ್ತರು ಮಲಯಾಳದಲ್ಲಿ ಹೇಳುತ್ತಿದ್ದರು. ನನ್ನ ಕಿವಿಗೆ ಅದು ಬೀಳಲಿಲ್ಲ. ಕಲ್ಪೆಟ್ಟದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಒಂದು ಅಡುಗೆ ಕೋಣೆ, ಅದರ ಕಿಟಕಿಯಲ್ಲಿ ಸುರ್ಕದಲ್ಲಿ ಮುಳುಗಿದ ನಿಂಬೆಕಾಯಿಯ ಭರಣಿ, ಅದರ ಪಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಿಂತ ಅತ್ತೆ... ಎಲ್ಲ ಒಟ್ಟಿಗೆ ಎದ್ದು ಬಂದವು. ಜೊತೆಗೆ ನಾಚಿಕೆಯೂ ಬಂತು. ಅತ್ತೆಯ ನೆನಪು ನನಗೆ ನಾಚಿಕೆಯನ್ನು ಬಿಟ್ಟು ಒಂಟಿಯಾಗಿ ಬಂದದ್ದೇ ಇಲ್ಲ.

ಅತ್ತೆ ಎಂದರೆ ನನ್ನ ಸೋದರಮಾವನ ಹೆಂಡತಿ, ಅಂದರೆ ಅಮ್ಮನ ಅಣ್ಣನ ಹೆಂಡತಿ. ಬಾವಲಿ ಹೊಳೆಯಾಚೆ, ಕರ್ನಾಟಕದ ಕಡೆಯವಳು. ನಮ್ಮದು ಹೊಳೆಯ ಈಚೆ, ಕಾಟ್ಟಿಕುಳಂ ಹತ್ತಿರ ಗದ್ದೆ ಮಾಡಿಕೊಂಡಿದ್ದ ಮನೆ. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ಮಲಯಾಳ. ಮಾವ ಮದುವೆಯಾದ ಕೆಲವೇ ವರ್ಷಕ್ಕೆ ಇನ್ನೊಬ್ಬಳನ್ನು ಕಟ್ಟಿಕೊಂಡು ಬೇರೆ ಊರಲ್ಲಿ ಸಂಸಾರ ಹೂಡಿದ. ಅತ್ತೆಗೆ ತವರಿನಲ್ಲಿ ಯಾರೂ ಇರಲಿಲ್ಲ. ನಾದಿನಿಯ ಮನೆಯೇ ಗತಿ ಎಂದು ನಮ್ಮಲ್ಲಿಗೆ ಬಂದಳು. ಬಂದವಳು ಅಮ್ಮನಿಗೆ ಹೊರೆಯಾದಳು. ಅಮ್ಮ ಬಾಯಿ ಬಿಟ್ಟು ಹಾಗೆಂದಿದ್ದಿಲ್ಲ, ಪಾತ್ರೆ ಕುಕ್ಕುವ ಸದ್ದಿನಲ್ಲೇ ಎಲ್ಲ ಗೊತ್ತಾಗುತ್ತಿತ್ತು.

ಆಗ ವಯನಾಡು ಹೊಸದಾಗಿ ಜಿಲ್ಲೆಯಾಗಿತ್ತು. ಕಲ್ಪೆಟ್ಟಕ್ಕೆ ಒಂದರ ಹಿಂದೆ ಒಂದು ಕಚೇರಿ ಬಂದವು. ಕಚೇರಿಯ ಜೊತೆ ಘಟ್ಟದ ಕೆಳಗಿನ ಊರುಗಳಿಂದ ಗುಮಾಸ್ತರು ಬಂದರು, ಅವರ ಹಿಂದೆ ಅವರ ಹೊಟ್ಟೆಯೂ ಬಂತು. ಅಪ್ಪ ಯೋಚನೆ ಮಾಡಿ ಅಲ್ಲೊಂದು ಕೋಣೆ ಹಿಡಿದುಕೊಟ್ಟು, "ಊಟ ಮಾಡಿ ಹಾಕಮ್ಮ, ನಿನ್ನ ಕೈಯಡಿಗೆ ಯಾರು ಬೇಡ ಅಂತಾರೆ" ಎಂದ. ಅಪ್ಪನ ಮಾತು ಸುಳ್ಳಾಗಲಿಲ್ಲ. ಮಧ್ಯಾಹ್ನವಾದರೆ ಅತ್ತೆಯ ಜಗಲಿಯಲ್ಲಿ ಚಪ್ಪಲಿಗಳ ಸಾಲು. ಟೈಪಿಂಗ್ ಕಲಿಯಲೆಂದು ಕಲ್ಪೆಟ್ಟಕ್ಕೆ ಹೋದ ನಾನೂ ಅವಳ ಜೊತೆಯಲ್ಲೇ ಇದ್ದೆ. ತರಕಾರಿ ಹೆಚ್ಚುವುದು ನನ್ನ ಪಾಲು, ಬೈಸಿಕೊಳ್ಳುವುದೂ ನನ್ನ ಪಾಲು. "ಹುರ್ಳಿಕಾಯ ಹಿಂಗ್ ಹೆಚ್ಚೀಯಾ? ದನಕ್ಕ್ ಹಾಕಕ್ಕಾ?" ಎನ್ನುತ್ತಿದ್ದಳು.

ಅವಳು ಆ ಕೋಣೆಗೆ ಬಂದ ಮೊದಲ ದಿನದ ಕತೆಯನ್ನು ಅವಳ ಬಾಯಿಂದಲೇ ಕೇಳಿದ್ದೇನೆ. ಮನೆಯ ಒಡತಿ ವಯಸ್ಸಾದ ಮುಸ್ಲಿಂ ಹೆಂಗಸು, ಓಣಿಗೆಲ್ಲ ಉಮ್ಮ. ಬೀಗದ ಕೈ ಕೊಡುವ ಮುಂಚೆ ಉಮ್ಮ ಕೇಳಿದರು, "ನಿಂಡೆ ಭರ್ತಾವ್ ಎವಿಡೆ?" ಅತ್ತೆಗೆ ಆಗ ಮಲಯಾಳ ಅಷ್ಟಕ್ಕಷ್ಟೆ. ಗಂಡ ಎಲ್ಲಿ ಎಂದು ಕೇಳುತ್ತಿದ್ದಾರೆ ಎನ್ನುವಷ್ಟು ಗೊತ್ತಾಯಿತು. ತಲೆ ತಗ್ಗಿಸಿ ತನ್ನ ಭಾಷೆಯಲ್ಲಿ ಹೇಳಿದಳು, "ಅವ್ರು ಮರ್ತ್ರು."

ಮರೆತರು ಎಂದು ಅವಳು ಹೇಳಿದ್ದು. ಆದರೆ ಮಲಯಾಳದಲ್ಲಿ ಮರಿಚ್ಚು ಎಂದರೆ ಸತ್ತರು. ಉಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು, "ಮರಿಚ್ಚೋ! ಪಾವಂ!" ಎಂದು ಒಳಗೆ ಹೋಗಿ ಒಂದು ತಟ್ಟೆ ಅನ್ನ ಮೀನು ತಂದಿಟ್ಟರು. ಮೀನು ತಿನ್ನದ ಅತ್ತೆ ಅನ್ನ ಮಾತ್ರ ತಿಂದಳು. ಅವತ್ತು ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು, ಉಮ್ಮನ ಕೋಣೆಗೆ ಬಂದಿರುವ ಕನ್ನಡದವಳು ವಿಧವೆ, ಪಾಪ.

"ನಾನೇನ್ ಸುಳ್ ಯೋಳ್ನಿಲ್ಲ ಕಣವ್ವ, ಅವ್ರೇ ಹಂಗ್ ಕೇಳುಸ್ಕಂಡ್ರು" ಎಂದು ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ನಗು ಅರ್ಧಕ್ಕೇ ನಿಲ್ಲುತ್ತಿತ್ತು. ಮಲಯಾಳ ಸರಿಯಾಗಿ ಕಲಿತು ತಪ್ಪು ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಂಡ ಸತ್ತವಳೆಂದು ಗಂಡಸರು ತಗ್ಗಿ ಬಗ್ಗಿ ಚೇಚ್ಚಿ, ಅಂದರೆ ಅಕ್ಕ, ಎಂದು ಕರೆದು ಊಟ ಮಾಡಿ ಹೋಗುತ್ತಿದ್ದರು. ಗಂಡ ಬಿಟ್ಟವಳೆಂದು ಗೊತ್ತಾದರೆ ಅದೇ ಜಗಲಿಯಲ್ಲಿ ಕೂತವರ ಕಣ್ಣು ಬೇರೆಯಾಗುತ್ತದೆ, ಓಣಿಯ ಬಾಯಿ ಬೇರೆಯಾಗುತ್ತದೆ. ಅವಳ ಅನ್ನ, ಅವಳ ಮಾನ ಎರಡೂ ಆ ಒಂದು ತಪ್ಪು ಮಾತಿನ ಮೇಲೆ ನಿಂತಿದ್ದವು.

ಹಣೆಗೆ ಕುಂಕುಮ ಇಡುವುದನ್ನು ಬಿಟ್ಟಳು. ಆದರೆ ದಿನಾ ಬೆಳಿಗ್ಗೆ ಬಾಗಿಲು ಹಾಕಿಕೊಂಡು, ರವಿಕೆಯೊಳಗೆ ಪಿನ್ನು ಹಾಕಿ ಬಚ್ಚಿಟ್ಟ ತಾಳಿಯನ್ನು ತೆಗೆದು ಅದಕ್ಕೆ ಕುಂಕುಮ ಹಚ್ಚಿ ಮತ್ತೆ ಒಳಗಿಡುತ್ತಿದ್ದಳು. ಬದುಕಿರುವ ಗಂಡನನ್ನು ಬಾಯಲ್ಲಿ ಸಾಯಿಸಿದ ಪಾಪ ತನಗೆ ತಟ್ಟುತ್ತದೆ ಎಂಬ ಹೆದರಿಕೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. "ಆ ಭಂಡನಿಗೆ ಯಾಕತ್ತೆ ಕುಂಕುಮ?" ಎಂದರೆ, "ಸುಮ್ಕಿರು, ನಿಮ್ಮಾವ" ಎನ್ನುತ್ತಿದ್ದಳು. ಇನ್ನೊಂದು ಚಾಳಿಯೂ ಇತ್ತು. ಜಗಲಿಯವರಿಗೆ ಬಡಿಸುವ ಮುಂಚೆ ಒಂದು ಸೌಟು ಅನ್ನ, ಒಂದಿಷ್ಟು ಸಾರು ಚಿಕ್ಕ ಮುಚ್ಚಳದ ಪಾತ್ರೆಗೆ ಎತ್ತಿಡುತ್ತಿದ್ದಳು. ಸಂಜೆಗೆ ಅದನ್ನು ತಾನೇ ತಿನ್ನುತ್ತಿದ್ದಳು. ಉಮ್ಮ ಕೇಳಿದ್ದಕ್ಕೆ ಮನೆದೇವರಿಗೆ ಎಂದಿದ್ದಳಂತೆ.

ಇನ್ನು ನಮ್ಮ ಮನೆಯ ಮಾತು. ಅತ್ತೆ ವಿಧವೆಯಾದ ಸುದ್ದಿ ಕಾಟ್ಟಿಕುಳಕ್ಕೆ ಮುಟ್ಟಿದಾಗ ಅಮ್ಮ ಮೊದಲು ನಕ್ಕಳು, ಆಮೇಲೆ, "ಹೆಂಗೋ ಆಗೋಯ್ತಲ್ಲ, ಹಂಗೇ ಇರ್ಲಿ ಬುಡು" ಎಂದಳು. ಇರಲಿ ಎಂದಿದ್ದು ಅತ್ತೆಯ ಅನುಕೂಲಕ್ಕಲ್ಲ. ವಿಧವೆ ಗಂಡನನ್ನು ಕೇಳುವ ಹಾಗಿಲ್ಲ. ಮಾವ ಹಬ್ಬಕ್ಕೆ, ಹುಣ್ಣಿಮೆಗೆ ನಮ್ಮ ಮನೆಗೆ ಬಂದು ಗಡದ್ದಾಗಿ ಉಂಡು ಹೋಗಬಹುದು, ತಂಗಿಯ ಮನೆಯಲ್ಲಿ ಯಾರೂ ಅವನ ಮುಖಕ್ಕೆ ಒಂದು ಮಾತು ಅನ್ನಬೇಕಾಗಿಲ್ಲ. ಓಣಿಯ ಬಡವರು ಅರಿಯದೆ ಮಾಡಿದ ತಪ್ಪನ್ನು ನಾವು ಅರಿತೇ ಬಳಸಿಕೊಂಡೆವು.

ಅತ್ತೆಯ ಜಗಲಿಯಲ್ಲಿ ಉಣ್ಣುತ್ತಿದ್ದವರಲ್ಲಿ ಒಬ್ಬರು ಈ ಗುಮಾಸ್ತರು. ಆಗ ಬಡಕಲು ಹುಡುಗ. ಊಟಕ್ಕಿಂತ ಸಿನಿಮಾ ಹುಚ್ಚು ಜಾಸ್ತಿ. ಸ್ನೇಹಿತರನ್ನು ಕೂಡಿಸಿ ಫಿಲ್ಮ್ ಸೊಸೈಟಿ ಕಟ್ಟಿ, ಭಾನುವಾರ ಬೆಳಿಗ್ಗೆ ಟಾಕೀಸು ಖಾಲಿಯಿರುವಾಗ ಪರದೇಶದ ಚಿತ್ರ ತೋರಿಸುತ್ತಿದ್ದರು. ಹೆಚ್ಚಿನವು ಸೋವಿಯತ್ ಚಿತ್ರ. ಅನ್ನ ಕಲಸುತ್ತಲೇ ಕತೆ ಹೇಳುತ್ತಿದ್ದರು. ಒಂದು ದಿನ ಹೇಳಿದರು, "ಚೇಚ್ಚಿ, ಈ ಭಾನುವಾರ ನೀವು ಬರಲೇಬೇಕು. ರೊಟ್ಟಿ ಮಾಡುವವಳ ಪ್ರೇಮಕತೆ." ರೊಟ್ಟಿ ಮಾಡುವವಳು ಎಂದದ್ದಕ್ಕೇ ಅತ್ತೆ ಒಪ್ಪಿದಳು. ಟಾಕೀಸಿಗೆ ಕಾಲಿಡದ ಉಮ್ಮ ಕೂಡ, ಮಗನಿಗೆ ಹೇಳಬಾರದು ಎಂಬ ಕರಾರಿನ ಮೇಲೆ ಹೊರಟರು. ಆ ಚಿತ್ರದ ನಿಜವಾದ ಹೆಸರು ನನ್ನ ನಾಲಿಗೆಗೆ ಒಂದು ಸಲವೂ ಹೊರಳಲಿಲ್ಲ. ನಮಗದು ರೊಟ್ಟಿ ಸಿನಿಮಾ.

ಕಪ್ಪು ಬಿಳುಪು ಚಿತ್ರ. ದೊಡ್ಡ ಹೊಳೆಯ ದಂಡೆಯ ಒಂದು ಊರು, ಅಲ್ಲಿ ಬೆಳಗಿನ ಜಾವಕ್ಕೇ ರೊಟ್ಟಿ ಸುಡುವ ಒಬ್ಬಳು, ಸೇತುವೆ ಕಟ್ಟಲು ಬಂದ ಒಬ್ಬ. ಅವಳ ಕೆನ್ನೆಗೆ ಅಂಟಿದ ಹಿಟ್ಟನ್ನು ಅವನು ಬೆರಳಿನಿಂದ ಒರೆಸಿದಾಗ ಉಮ್ಮ "ಅಯ್ಯೇ!" ಎಂದು ಮುಖ ಮುಚ್ಚಿಕೊಂಡು ಬೆರಳ ಸಂದಿಯಿಂದ ನೋಡಿದರು. ಸೇತುವೆ ಮುಗಿಯುತ್ತದೆ. ಅವನು ಬರುತ್ತೇನೆಂದು ಹೇಳಿ ದೋಣಿ ಹತ್ತುತ್ತಾನೆ. ಅವಳು ದಿನಾ ಒಲೆಯಿಂದ ತೆಗೆದ ಮೊದಲ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಕಿಟಕಿಯ ಮೇಲೆ ಎತ್ತಿಡುತ್ತಾಳೆ. ಹಿಮ ಬೀಳುತ್ತದೆ, ಕರಗುತ್ತದೆ, ಮತ್ತೆ ಬೀಳುತ್ತದೆ. ಕಿಟಕಿಯಲ್ಲಿ ರೊಟ್ಟಿ ಇದ್ದೇ ಇರುತ್ತದೆ. ನನ್ನ ಪಕ್ಕದಲ್ಲಿ ಅತ್ತೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎನ್ನುವ ಹಾಗೆ ಕೂತಿದ್ದಳು. ಕೈ ರವಿಕೆಯ ಮೇಲೆ, ತಾಳಿ ಬಚ್ಚಿಟ್ಟ ಜಾಗದಲ್ಲೇ ಇತ್ತು.

ಅಷ್ಟರಲ್ಲಿ ಪರದೆ ಬೆಳ್ಳಗಾಯಿತು, ದೀಪ ಹತ್ತಿತು. ಗುಮಾಸ್ತರು ಮೈಕು ಹಿಡಿದು ಬಂದು, ಕೊನೆಯ ರೀಲಿನ ಡಬ್ಬಿ ನಮಗೆ ಬಂದು ಮುಟ್ಟಲಿಲ್ಲ, ಕ್ಷಮಿಸಿ, ಮುಂದಿನ ಕತೆ ನಾನೇ ಹೇಳುತ್ತೇನೆ ಎಂದರು. ಜನ ಗೊಣಗಿದರು. ಅವರು ಗಂಟಲು ಸರಿ ಮಾಡಿಕೊಂಡು ದುಃಖದ ಧ್ವನಿಯಲ್ಲಿ ಹೇಳಿದರು, ಅವಳು ಕಾದಳು, ಅವನು ಬರಲಿಲ್ಲ. "ಅಯಾಳ್ ಮರಿಚ್ಚು." ಅವನು ಸತ್ತ.

"ಇಲ್ಲ ಸಾರೇ."

ಯಾರಪ್ಪ ಎಂದು ನೋಡಿದರೆ ಅತ್ತೆ ಎದ್ದು ನಿಂತಿದ್ದಾಳೆ! ನಾನು ಸೆರಗು ಹಿಡಿದು ಎಳೆದೆ, ಕೂರಲಿಲ್ಲ. "ಮರಿಚ್ಚಿಲ್ಲ. ಮರನ್ನದಾ" ಎಂದಳು ಒಳ್ಳೆಯ ಮಲಯಾಳದಲ್ಲಿ. ಸತ್ತಿಲ್ಲ, ಮರೆತದ್ದು. ಮುಂದಿನ ಸಾಲಿನವರು ತಿರುಗಿ ನೋಡಿದರು. ಹಿಂದಿನಿಂದ ಯಾರೋ, ನೀವು ನೋಡಿ ಬಂದಿರಾ ಚೇಚ್ಚಿ ಎಂದು ಕೆಣಕಿದರು. ಹಾಲ್ ತುಂಬ ನಗು. ಆ ನಗುವಿನಲ್ಲಿ ಅವಳಿಗೆ ಕಲಿತ ಮಲಯಾಳವೆಲ್ಲ ಹಾರಿಹೋಗಿ ಕನ್ನಡವೇ ಬಂತು. "ಸತ್ತೋರ್ಗೆ ವರ್ಸಕ್ಕೊಂದ್ಸಲ ಎಡೆ ಇಕ್ತಾರೆ. ದಿನಾ ಎತ್ತಿಕ್ಕೋದು ಬದ್ಕಿರೋರ್ಗೆ!"

ಅಲ್ಲಿದ್ದ ಯಾರಿಗೂ ಅದು ತಿಳಿಯಲಿಲ್ಲ, ನನಗೆ ಮತ್ತು ಉಮ್ಮನಿಗೆ ಬಿಟ್ಟು. ಇಷ್ಟು ದಿನ ಜೊತೆಗಿದ್ದು ಉಮ್ಮನಿಗೆ ನಮ್ಮ ಮಾತು ಮುಕ್ಕಾಲು ಅರ್ಥವಾಗುತ್ತಿತ್ತು. ಅವರು ಅತ್ತೆಯ ಮುಖ ನೋಡಿದರು. ಆಮೇಲೆ ರವಿಕೆಯ ಮೇಲಿದ್ದ ಕೈ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅತ್ತೆ ಗಕ್ಕನೆ ಕೈ ಕೆಳಗೆ ಮಾಡಿದಳು.

ಕೋಣೆಗೆ ಬಂದವಳೇ ಅತ್ತೆ ಗೋಡೆಗೆ ಮುಖ ಮಾಡಿ ಕೂತು, "ನನ್ ಬಾಯಿಗ್ ಮಣ್ಣಾಕ, ನನ್ ಮಾನ ನಾನೇ ಕಳ್ಕಂಡೆ" ಎಂದು ಅತ್ತಳು. ಮಾರನೆಯ ದಿನ ಒಲೆ ಹಚ್ಚಲಿಲ್ಲ. ಗಂಟು ಕಟ್ಟುವುದಕ್ಕೆ ಶುರು ಮಾಡಿದ್ದಳು. ಆಗ ಉಮ್ಮ ಬಂದರು, ಕೈಯಲ್ಲಿ ನಿಂಬೆಕಾಯಿಯ ಭರಣಿ. ಅದನ್ನು ಕಿಟಕಿಯಲ್ಲಿಟ್ಟು ಗಂಟಿನ ಮೇಲೆಯೇ ಕೂತುಬಿಟ್ಟರು. ಅವರು ಮಲಯಾಳದಲ್ಲಿ ಹೇಳಿದ್ದು ಇಷ್ಟೆ. ಸತ್ತ ಎಂದವಳು ನೀನಲ್ಲ, ನಾನು. ನನ್ನ ಮಾತು, ನನ್ನ ಹೊಣೆ. ಏಳು, ಅಕ್ಕಿ ತೊಳೆ, ಊಟಕ್ಕೆ ಬರುತ್ತಾರೆ.

ಅತ್ತೆ ಸಾಯುವವರೆಗೂ ಆ ಮಾತು ಓಣಿಗೆ ಬೀಳಲಿಲ್ಲ. ಬೇರೆ ಜಾತಿ, ಬೇರೆ ಮತ, ಬೇರೆ ಭಾಷೆಯ ಹೆಂಗಸು ಗಂಟಿನ ಮೇಲೆ ಕೂತು ಅವಳನ್ನು ಉಳಿಸಿಕೊಂಡಳು. ನಾವು ಅವಳ ಬಳಗದವರು ಏನು ಮಾಡಿದೆವು ಎನ್ನುವುದಕ್ಕೆ ನನ್ನ ಮದುವೆಯೇ ಸಾಕ್ಷಿ.

ನಮ್ಮಲ್ಲಿ ಹುಡುಗಿಯನ್ನು ಧಾರೆಗೆ ಕರೆತರುವವನು ಸೋದರಮಾವ. ಮಾವ ಪೇಟ ಸುತ್ತಿಕೊಂಡು ಬಂದು ಚಪ್ಪರದಲ್ಲಿ ಎಲೆಯಡಿಕೆ ಜಗಿಯುತ್ತ ಕೂತಿದ್ದ. ಪಕ್ಕದಲ್ಲಿ ಆ ಇನ್ನೊಬ್ಬಳು. ಅತ್ತೆ ಎಲ್ಲಿ ಎಂದು ಅಮ್ಮನನ್ನು ಕೇಳಿದೆ. ಅಮ್ಮ ನನ್ನ ಜಡೆಗೆ ಹೂವು ಸಿಕ್ಕಿಸುತ್ತ, ಕಣ್ಣು ಕೂಡ ಮಿಟುಕಿಸದೆ ಹೇಳಿದಳು, "ಗಂಡ ಸತ್ತೋಳು ಧಾರೆ ವತ್ನಲ್ಲಿ ಎದ್ರುಗ್ ಬರ್ಬಾರ್ದು ಕಣೆ. ಕರೀನಿಲ್ಲ." ಆ ಗಂಡ ಸತ್ತವಳ ಗಂಡನ ಕೈ ಹಿಡಿದುಕೊಂಡೇ ನಾನು ಧಾರೆ ಮಂಟಪಕ್ಕೆ ಹೋದೆ. ಅವನ ಕೈ ಬೆವರಿತ್ತು. ಇವತ್ತಿಗೂ ಮದುವೆಯ ಫೋಟೊ ಗೋಡೆಗೆ ಹಾಕಿಲ್ಲ. ಗಂಡ ಕೇಳಿದರೆ ಮೊಳೆ ನಿಲ್ಲುವುದಿಲ್ಲ ಎನ್ನುತ್ತೇನೆ. ಅವತ್ತು ಸಂಜೆಯ ಬಸ್ಸಿನಲ್ಲಿ ಕಲ್ಪೆಟ್ಟದಿಂದ ಒಂದು ಡಬ್ಬಿ ರವೆ ಉಂಡೆ ಬಂತು. ಚೀಟಿ ಇರಲಿಲ್ಲ. ಉಂಡೆಯ ಮೇಲೆ ಒತ್ತಿದ ಒಣದ್ರಾಕ್ಷಿ ನೋಡಿಯೇ ಯಾರದೆಂದು ಗೊತ್ತಾಯಿತು. ಅಮ್ಮ ಅದನ್ನೂ ಎಲ್ಲರಿಗೂ ಹಂಚಿದಳು. ಮಾವನೂ ತಿಂದ... ಎರಡು ತಿಂದ.

ಅತ್ತೆ ತೀರಿಕೊಂಡಳೆಂದು ಉಮ್ಮ ಹೇಳಿ ಕಳಿಸಿದಾಗ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಜ್ವರವೆಂದು ಮಲಗಿದವಳು ಏಳಲಿಲ್ಲವಂತೆ. ಅಪ್ಪ, ಅಮ್ಮ, ನಾನು ಬಸ್ಸಿಳಿದು ಹೋದರೆ ಓಣಿಯ ಹೆಂಗಸರು ಬಿಳಿ ಬಟ್ಟೆ ಹಿಡಿದುಕೊಂಡು ಹೊರಗೇ ನಿಂತಿದ್ದರು. ಉಮ್ಮ ಒಳಗಿನಿಂದ ಚಿಲಕ ಹಾಕಿಕೊಂಡಿದ್ದರು. ನನ್ನ ದನಿ ಕೇಳಿದ ಮೇಲೆ ಬಾಗಿಲು ತೆಗೆದರು. ಅವರ ಅಂಗೈಯಲ್ಲಿ ಅತ್ತೆಯ ತಾಳಿ. ಉಸಿರು ಕಟ್ಟುತ್ತಿದೆ ಎಂದಾಗ ರವಿಕೆ ಸಡಿಲಿಸಿದವರು ಅವರೇ. ತಾಳಿಯ ಮೇಲೆ ಕುಂಕುಮ ಇನ್ನೂ ಹಸಿಯಾಗಿತ್ತು. ಗಂಡ ಇದ್ದು ಸತ್ತವಳಿಗೆ ನಿಮ್ಮ ಜನ ಏನು ಹಾಕುತ್ತಾರೋ ಅದನ್ನು ತಂದು ಹಾಕು, ಬಿಳಿ ಬಟ್ಟೆ ಬೇಡ ಎಂದರು. ಅಮ್ಮ ಕಂಬದ ಹಾಗೆ ನಿಂತಿದ್ದಳು. ನಾನು ಬಸ್ ಸ್ಟ್ಯಾಂಡಿನ ಅಂಗಡಿಗಳಿಗೆ ಓಡಿ ಹಸಿರು ಸೀರೆ, ಹಸಿರು ಬಳೆ, ಹೂವು, ಕುಂಕುಮ ತಂದೆ. ಬಳೆ ತೊಡಿಸುವಾಗ ಅವಳ ಕೈ ಬಗ್ಗಲಿಲ್ಲ. ಉಮ್ಮನೇ ಮೆಲ್ಲಗೆ ಬೆರಳು ಒತ್ತಿ ಹಿಡಿದರು. ಇಷ್ಟು ವರ್ಷ ವಿಧವೆಯಾಗಿ ಬಾಳಿದವಳು ಮುತ್ತೈದೆಯಾಗಿ ಮಲಗಿದಳು.

ಅಷ್ಟು ಹೊತ್ತಿಗೆ ಮಾವ ಬಂದ. ಅಮ್ಮ ಹೇಳಿ ಕಳಿಸಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಡುವುದರಲ್ಲಿದ್ದ. ಉಮ್ಮ ಅಡ್ಡ ನಿಂತು, ಯಾರಿದು ಎಂದು ನನ್ನನ್ನು ಕೇಳಿದರು. ನಾನು ಅಮ್ಮನ ಕಡೆ ನೋಡಿದೆ. ಅಮ್ಮನೇ, ಅವಳ ಗಂಡ ಎಂದಳು. ಉಮ್ಮ ಮಾವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ ನಿಧಾನವಾಗಿ ಹೇಳಿದರು, "ಅವಳುಡೆ ಭರ್ತಾವ್ ಮರಿಚ್ಚದಾಣ್. ನಿಙ್ಙಳ್ ಆರಾ?" ಅವಳ ಗಂಡ ಸತ್ತಿದ್ದಾನೆ. ನೀವು ಯಾರು?

ಮಾವ ನಮ್ಮ ಕಡೆ ನೋಡಿದ. ನಾವು ನೆಲ ನೋಡಿದೆವು. ಹೊಳೆಯಾಚೆ ಈಚೆ ಎರಡೂ ಕಡೆಯ ನಮ್ಮ ಬಳಗದ ಮುಖಕ್ಕೆ ಆ ಮುದುಕಿ ಉಗಿದ ಹಾಗಾಯಿತು, ಉಗಿಸಿಕೊಳ್ಳಲು ನಾವು ಯೋಗ್ಯರೇ ಆಗಿದ್ದೆವು. ಅವನು ಹೋಗಿ ಬಾವಿಯ ಕಟ್ಟೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಮೊದಲ ಹಿಡಿ ಮಣ್ಣು ಹಾಕಿದ್ದು ನಮ್ಮಪ್ಪ.

ಈಗ ಉಮ್ಮ ಇಲ್ಲ, ಅಮ್ಮ ಅಪ್ಪ ಇಲ್ಲ, ಮಾವನೂ ಹೋದ. ಉಳಿದವರು ನಾನು ಮತ್ತು ಈ ಗುಮಾಸ್ತರು. ನಿವೃತ್ತರಾದ ಮೇಲೆ ಅವರ ಮನೆಯ ಅಟ್ಟದ ತುಂಬ ಫಿಲ್ಮ್ ಡಬ್ಬಿಗಳು. ಸೋವಿಯತ್ ದೇಶ ಒಡೆದುಹೋದ ಮೇಲೆ ವಾಪಸು ಕೇಳುವವರೇ ಇಲ್ಲದೆ ಉಳಿದವು ಕೆಲವು, ಊರೂರು ತಿರುಗಿ ಗುಜರಿಯಿಂದ ಬಿಡಿಸಿಕೊಂಡವು ಕೆಲವು. ದೂರದ ಊರುಗಳಿಂದ ಇವರಂಥದೇ ಹುಚ್ಚರು ಫೋನ್ ಮಾಡುತ್ತಾರೆ, ರೊಟ್ಟಿ ಸಿನಿಮಾ ಕೊಡುತ್ತೀರಾ ಎಂದು. ಫೋನಿನಲ್ಲೇ ಎಲ್ಲ ಸಿನಿಮಾ ಸಿಗುವ ಕಾಲದಲ್ಲಿ ಈ ನಾರುವ ಡಬ್ಬಿ ಯಾಕೆ ಸಾರ್ ಎಂದು ಕೇಳಿದೆ. ಅವರು ನಕ್ಕರು. ಇದರ ನಾಯಕನ ಕೋಟಿಗೆ ತೇಪೆ ಇದೆ, ನೋಡಿದ್ದೀರಾ ಎಂದರು. ನಾಯಕಿಯ ಉಗುರಿನಲ್ಲಿ ಹಿಟ್ಟಿದೆ. ಕ್ಯಾಮೆರಾ ಬೇರೆ ಕೆಲಸವೇ ಇಲ್ಲದ ಹಾಗೆ ಅವಳ ಮುಖದ ಮುಂದೆ ನಿಂತುಬಿಡುತ್ತದೆ. ಪ್ರೀತಿ ಎಂದರೆ ಕಾಯುವುದು ಎಂದು ನಂಬಿದ್ದ ಒಂದು ದೇಶವೇ ಭೂಪಟದಿಂದ ಹೋಯಿತು, ಈ ಡಬ್ಬಿಯಲ್ಲಿ ಮಾತ್ರ ಇದೆ. ಮತ್ತೆ, ಒಂದು ಪ್ರತಿಯ ಹಾಗೆ ಇನ್ನೊಂದಿಲ್ಲ. ಒಂದರಲ್ಲಿ ಗೀರು, ಒಂದರಲ್ಲಿ ಅರ್ಧ ಹಾಡು, ನಮ್ಮದರಲ್ಲಿ ಕೊನೆಯೇ ಇಲ್ಲ. ಇಲ್ಲದ್ದನ್ನು ಹುಡುಕುವುದೇ ನಮ್ಮ ರೋಗ.

ಆ ಇಲ್ಲದ ಕೊನೆ ಈಗ ಸಿಕ್ಕಿತೆಂದು ಅವರು ನನ್ನನ್ನು ಕರೆಸಿದ್ದು. ಕೋಳಿಕ್ಕೋಡಿನ ಒಬ್ಬ ಸಂಗ್ರಹಕಾರರ ಹತ್ತಿರ ಇದ್ದ ಕೊನೆಯ ರೀಲಿಗೆ ತಮ್ಮ ಬೇರೊಂದು ಚಿತ್ರವನ್ನೇ ಕೊಟ್ಟು ಬದಲಾಯಿಸಿಕೊಂಡಿದ್ದರು. ಫಿಲ್ಮು ಸುಕ್ಕುಗಟ್ಟಿತ್ತು, ಯಂತ್ರಕ್ಕೆ ಹಾಕಿದರೆ ಹರಿಯುತ್ತದೆ. ಅದಕ್ಕೆ ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿ ಕೊಟ್ಟು ತೋರಿಸಿದರು. ದೋಣಿ ದಡಕ್ಕೆ ಬರುತ್ತದೆ. ಅವನು ಇಳಿಯುತ್ತಾನೆ, ಮೈ ತುಂಬಿಕೊಂಡಿದ್ದಾನೆ, ಒಳ್ಳೆಯ ಕೋಟು. ರೊಟ್ಟಿ ಅಂಗಡಿಗೆ ಬರುತ್ತಾನೆ. ಅವಳು ನೋಡುತ್ತಾಳೆ. ಚಿತ್ರದ ಮೇಲೆ ಚಿತ್ರ, ಚಿತ್ರದ ಮೇಲೆ ಚಿತ್ರ, ಅವಳು ನೋಡುತ್ತಲೇ ಇರುತ್ತಾಳೆ. ಅವನು ರೊಟ್ಟಿ ತೆಗೆದುಕೊಂಡು, ಗುರುತಿಲ್ಲದವರಿಗೆ ತಲೆಯಾಡಿಸುವ ಹಾಗೆ ತಲೆಯಾಡಿಸಿ ಹೊರಟುಹೋಗುತ್ತಾನೆ.

"ನಿಮ್ಮ ಅತ್ತೆ ಹೇಳಿದ್ದೇ ಸರಿ" ಎಂದರು ಗುಮಾಸ್ತರು. "ನೋಡದ ಕೊನೆಯನ್ನು ನಾನು ಮೈಕಿನಲ್ಲಿ ಹೇಳಿಬಿಟ್ಟೆ. ಎಲ್ಲರೂ ನಕ್ಕರು, ನಾನೂ ನಕ್ಕೆ." ಅವರು ಕನ್ನಡಕ ತೆಗೆದು ಒರೆಸಿದರು. ಅವರಿಗೆ ಗೊತ್ತಿದ್ದದ್ದು ಸಿನಿಮಾದ ಕತೆ ಮಾತ್ರ. ಉಳಿದದ್ದನ್ನು ನಾನು ಹೇಳಿದೆ, ತಾಳಿ, ಎತ್ತಿಡುವ ಅನ್ನ, ಎಲ್ಲ. ಅವರು ರೀಲನ್ನು ಮೆಲ್ಲಗೆ ಸುತ್ತಿ ಡಬ್ಬಿಗೆ ಹಾಕಿದರು.

ಹೊರಡುವಾಗ ಗೇಟಿನ ತನಕ ಬಂದರು. ಈ ರೀಲಿನ ಒಂದೊಂದು ಚಿತ್ರಕ್ಕೂ ಫೋಟೊ ತೆಗೆಸಿ, ಅತ್ತೆ ತೀರಿಕೊಂಡ ದಿನ ನಾಲ್ಕು ಜನರನ್ನು ಕರೆದು ತೋರಿಸಬೇಕೆಂದಿದ್ದೇನೆ ಎಂದರು. ಚೇಚ್ಚಿಯ ಕೈಯ ಅನ್ನ ಉಂಡವರು ಇನ್ನೂ ಕೆಲವರಿದ್ದಾರಂತೆ. "ಯಾವ ದಿನ ಅದು? ನೀವು ವರ್ಷ ವರ್ಷ ಎಡೆ ಇಡುತ್ತೀರಲ್ಲ?"

ತಮ್ಮನ ಮನೆಯಲ್ಲಿ ಎಡೆ ಇಡುತ್ತಾರೆ. ಅಪ್ಪನಿಗೊಂದು ಎಲೆ, ಅಮ್ಮನಿಗೊಂದು ಎಲೆ. ಅಮ್ಮ ಸಾಯುವಾಗ ಹೇಳಿದ್ದಳೆಂದು ಮಾವನಿಗೂ ಒಂದು ಎಲೆ. ಅತ್ತೆಗೆ ಎಲೆ ಹಾಕಿದ್ದು ನಾನು ಕಾಣೆ. ಅವಳು ಹೋದ ದಿನ ಬಿಸಿಲು ಬಿದ್ದಿತ್ತು ಎಂದು ನೆನಪಿದೆ, ಬಳೆಯ ಅಂಗಡಿ ನೆನಪಿದೆ. ದಿನ ಯಾವುದು, ತಿಂಗಳು ಯಾವುದು... ಗೇಟು ಹಿಡಿದುಕೊಂಡು ನಿಂತೆ, ನೆನಪಿಗೆ ಬರಲಿಲ್ಲ.

"ಗೊತ್ತಿಲ್ಲವೇ?" ಎಂದರು ಗುಮಾಸ್ತರು.

ಕನ್ನಡದಲ್ಲಿ ಹೇಳಿದ್ದರೆ ಅವರು ಬೇರೆ ಏನೋ ಎಂದು ಕೇಳಿಸಿಕೊಂಡು ನನ್ನನ್ನು ಬಿಟ್ಟುಬಿಡುತ್ತಿದ್ದರೇನೋ. ಅದಕ್ಕೇ, ತಪ್ಪಾಗಿ ಕೇಳಿಸಬಾರದೆಂದು, ಒಂದೊಂದೇ ಅಕ್ಷರ ಬಿಡಿಸಿ ಮಲಯಾಳದಲ್ಲೇ ಹೇಳಿದೆ.

"ಮರನ್ನು ಸಾರೇ. ಞಙ್ಙಳ್ ಮರನ್ನು." ಮರೆತೆವು ಸಾರ್. ನಾವು ಮರೆತೆವು.